ಅಗ್ಗವೇ ಬೇರೆ, ಮಿತವ್ಯಯವೇ ಬೇರೆ

ಹದಿಹರೆಯದ ಮಕ್ಕಳಿರುವ ಮಧ್ಯಮವರ್ಗದ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತಿದೆ. ‘ಗೇಮಿಂಗ್ ಕಂಪ್ಯೂಟರ್ ಬೇಕು’ ಎಂಬುದೇ ಆ ಬೇಡಿಕೆ. ಇದಕ್ಕೆ ಹಿರಿಯರು ನೀಡುವ ಉತ್ತರಗಳು ಸಾಮಾನ್ಯವಾಗಿ ಎರಡೇ. ಆಟದ ಹುಚ್ಚಿಗೆ ದುಡ್ಡು ಸುರಿಯಲಾಗದೆಂದು ಸಾರಾಸಗಟಾಗಿ ನಿರಾಕರಿಸುವುದು ಒಂದು. ರಗಳೆ ಮುಗಿದರೆ ಸಾಕೆಂದು ಕಂತಿನ ಮೇಲೆ ಸಿದ್ಧ ಯಂತ್ರವೊಂದನ್ನು ತಂದು ಮೇಜಿನ ಮೇಲಿಡುವುದು ಮತ್ತೊಂದು. ಎರಡೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಒಂದು ಮಿತಿಯ ಹಣವನ್ನು ನಿಗದಿಪಡಿಸಿ, ಬಿಡಿಭಾಗಗಳನ್ನು ಒಂದೊಂದಾಗಿ ಆಯ್ಕೆ ಮಾಡುವ ಹೊಣೆಯನ್ನು ಮಗುವಿಗೇ ವಹಿಸುವುದು. ಎರಡು ವರ್ಷ ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಕುಳಿತು ನಾನು ಕಲಿತದ್ದರಲ್ಲಿ ಬಹುಪಾಲನ್ನು ಹದಿನಾರರ ಹುಡುಗನೊಬ್ಬ ಈ ದಾರಿಯಲ್ಲಿ ಆರು ವಾರಗಳಲ್ಲಿ ಕಲಿತುದನ್ನು ಕಣ್ಣಾರೆ ಕಂಡ ಮೇಲೆ ಈ ಮಾತು ಬರೆಯುತ್ತಿದ್ದೇನೆ.

2025ರ ಬೇಸಿಗೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಮೊಮ್ಮಗ ಈ ಬೇಡಿಕೆಯನ್ನು ಮುಂದಿಟ್ಟಾಗ ನನ್ನ ಮಗ ಒಪ್ಪಲಿಲ್ಲ. ‘ಅಪ್ಪ, ಇದಕ್ಕೆ ನೀವು ಕುಮ್ಮಕ್ಕು ಕೊಡಬೇಡಿ’ ಎಂದು ನನಗೂ ಎಚ್ಚರಿಸಿದ. ಹಬ್ಬ ಹರಿದಿನಗಳಲ್ಲಿ ಬಂಧುಗಳು ಕೊಟ್ಟ ಹಣವನ್ನು ಕೂಡಿಟ್ಟು ಹುಡುಗ ಸ್ವಲ್ಪ ಉಳಿಸಿದ್ದ. ಅದಕ್ಕೆ ನನ್ನ ಪಾಲು ಸೇರಿಸಿ ಒಟ್ಟು ₹65,000ದ ಮಿತಿ ಹಾಕಿದೆ. ಜೊತೆಗೆ ಒಂದು ಷರತ್ತು: ಪ್ರತಿಯೊಂದು ಬಿಡಿಭಾಗವೂ ಏಕೆ ಬೇಕು, ಅದಕ್ಕಿಂತ ಕಡಿಮೆಯದು ಏಕೆ ಸಾಲದು, ಹೆಚ್ಚಿನದು ಏಕೆ ಬೇಡ ಎಂಬುದನ್ನು ಬರೆದು ತೋರಿಸಬೇಕು. ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳ ಕಾಲ ಕಡತಗಳ ಮೇಲೆ ಟಿಪ್ಪಣಿ ಬರೆದವನಿಗೆ ಬೇರೆ ದಾರಿ ತಿಳಿಯದು.

ಈ ಷರತ್ತಿನ ಹಿಂದೆ ನನ್ನದೇ ಒಂದು ತಪ್ಪಿನ ನೆನಪಿತ್ತು. 2002ರಲ್ಲಿ ಮಗನ ಎಂಜಿನಿಯರಿಂಗ್ ಓದಿಗೆಂದು ಒಂದು ಅಸೆಂಬಲ್ಡ್ ಕಂಪ್ಯೂಟರ್ ಮಾಡಿಸಿದೆ. ಕಚೇರಿಯ ಅಭ್ಯಾಸದಂತೆ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಿ, ಅತಿ ಕಡಿಮೆ ದರದ್ದನ್ನು ಒಪ್ಪಿಕೊಂಡು, ಅಚ್ಚುಕಟ್ಟಾಗಿ ವ್ಯವಹರಿಸಿದೆನೆಂದು ಬೀಗಿದೆ. ಆ ದರ ಕಡಿಮೆಯಿದ್ದುದು ಹೆಸರೇ ಇಲ್ಲದ ಎಸ್‌ಎಂಪಿಎಸ್ ಒಂದರಿಂದ ಎಂಬುದು ಹತ್ತು ತಿಂಗಳ ನಂತರ ತಿಳಿಯಿತು. ಒಂದು ಸಂಜೆ ವಿದ್ಯುತ್ ಹೋಗಿ ಬಂದಾಗ ಅದು ಸುಟ್ಟುಹೋಯಿತು. ಹೋಗುವಾಗ ಹಾರ್ಡ್‌ಡಿಸ್ಕನ್ನೂ ಕೊಂಡೊಯ್ದಿತು. ಅದರಲ್ಲಿ ಮಗನ ಪ್ರಾಜೆಕ್ಟ್ ಇತ್ತು. ಅದನ್ನು ಅವನು ಮತ್ತೆ ಬರೆದ. ನನ್ನ ತಾಯಿ ಹಾಡುತ್ತಿದ್ದ ಹಸೆಹಾಡುಗಳನ್ನು ಅವನು ಮೈಕ್ ಹಿಡಿದು ಧ್ವನಿಮುದ್ರಿಸಿದ್ದೂ ಅದರಲ್ಲೇ ಇತ್ತು. ತಾಯಿ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಆ ಕೊಟೇಶನ್‌ನಿಂದ ನಾನು ಉಳಿಸಿದ್ದು ನಾನೂರು ರೂಪಾಯಿ.

ಸಾರ್ವಜನಿಕ ಖರೀದಿಯ ನಿಯಮಗಳನ್ನು ಬಲ್ಲವರಿಗೆ ಇಲ್ಲಿನ ದೋಷ ತಟ್ಟನೆ ಹೊಳೆಯುತ್ತದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು ‘ಕಡಿಮೆ ದರದವನಿಗೆ ಕೊಡು’ ಎಂಬ ಒಂದೇ ಸಾಲಿಗೆ ಇಳಿಸಿಬಿಡುವ ರೂಢಿ ನಮ್ಮಲ್ಲಿದೆ. ಆದರೆ ದರವನ್ನು ತುಲನೆ ಮಾಡುವ ಮುನ್ನ, ಬೇಕಾದ ವಸ್ತುವಿನ ಗುಣವಿವರಗಳನ್ನು ಸ್ಪಷ್ಟವಾಗಿ ಗೊತ್ತುಪಡಿಸಬೇಕು. ಅವುಗಳಿಗೆ ಸರಿಹೊಂದುವ ದರಗಳನ್ನಷ್ಟೇ ಹೋಲಿಸಬೇಕು. ವಿವರವೇ ಇಲ್ಲದ ಕಡೆ ಕಡಿಮೆ ದರವೆಂಬುದು ಕಡಿಮೆ ವಸ್ತುವಿನ ಮತ್ತೊಂದು ಹೆಸರು. ನಾನು ಅಂಗಡಿಯವನಿಗೆ ‘ಒಂದು ಒಳ್ಳೆಯ ಕಂಪ್ಯೂಟರ್’ ಎಂದಷ್ಟೇ ಹೇಳಿದ್ದೆ.

ಈಗಿನ ಮಾರುಕಟ್ಟೆಯಲ್ಲಿ ವಿವರವಿಲ್ಲದ ಗ್ರಾಹಕನಿಗೆ ಒಡ್ಡುವ ಬಲೆ ಇನ್ನಷ್ಟು ನಯವಾಗಿದೆ. ಮಗ ಎಲ್ಲಿಂದಲೋ ಒಂದು ಕೊಟೇಶನ್ ತಂದ. ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಗೇಮಿಂಗ್ ಪಿಸಿ, ₹28,000’ ಎಂದು ಅದರಲ್ಲಿತ್ತು. ನಿಗದಿತ ಮಿತಿಯ ಅರ್ಧಕ್ಕಿಂತಲೂ ಕಡಿಮೆ! ಮೊಮ್ಮಗ ಅದನ್ನು ಓದಿ ನಕ್ಕ. ಐ7 ಎಂಬುದು 2008ರಿಂದ ಬಳಕೆಯಲ್ಲಿರುವ ಹೆಸರು. ಅದು ದರ್ಜೆಯನ್ನು ಹೇಳುತ್ತದೆಯೇ ಹೊರತು ತಲೆಮಾರನ್ನಲ್ಲ. ಕೊಟೇಶನ್‌ನಲ್ಲಿದ್ದುದು 2012ರಲ್ಲಿ ಬಿಡುಗಡೆಯಾದ ಐ7-3770. ಗ್ರಾಫಿಕ್ಸ್ ಕಾರ್ಡು 2014ರ ಜಿಟಿ 730. ವಿಂಡೋಸ್ 11ಕ್ಕೆ ಮಾನ್ಯವಾದ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಆ ಐ7 ಇಲ್ಲವೇ ಇಲ್ಲ. ಇನ್ನು ಗ್ರಾಫಿಕ್ಸ್ ಕಾರ್ಡಿನ ‘4 ಜಿಬಿ’ ಎಂಬುದು ಅದರ ಸ್ಮೃತಿಯ ಗಾತ್ರವೇ ವಿನಾ ಶಕ್ತಿಯಲ್ಲ. ದೊಡ್ಡ ಗೋದಾಮಿದ್ದ ಮಾತ್ರಕ್ಕೆ ಕಾರ್ಖಾನೆ ದೊಡ್ಡದಾಗದು. ಸುಳ್ಳಿನ ಒಂದು ಪದವೂ ಆ ಹಾಳೆಯಲ್ಲಿರಲಿಲ್ಲ. ಆದರೂ ಅದು ಮೋಸವೇ.

ಹಾಗಾದರೆ ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು? ನಾವೆಲ್ಲ ಪ್ರೊಸೆಸರ್‌ನಿಂದ ಎಂದುಕೊಳ್ಳುತ್ತೇವೆ. ಮೊಮ್ಮಗ ಆರಂಭಿಸಿದ್ದು ಪರದೆಯಿಂದ. ಏನು ಬೇಕೆಂಬುದು ನಿರ್ಧಾರವಾದ ಮೇಲೆಯೇ ಅದಕ್ಕೆಷ್ಟು ಬೇಕೆಂಬ ಲೆಕ್ಕ ಎಂಬುದು ಅವನ ವಾದ. ಯೋಜನಾ ಇಲಾಖೆಯವರೂ ಮೆಚ್ಚಬಹುದಾದ ವಾದ. ಸಾಮಾನ್ಯ ಪೂರ್ಣ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಚಿತ್ರಗಳಂತೆ ತೋರಿಸಬೇಕಾದರೆ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳಿಗೆ ಬಣ್ಣ ತುಂಬಬೇಕು. ‘4ಕೆ’ ಪರದೆಯಲ್ಲಿ ಚುಕ್ಕೆಗಳ ಸಂಖ್ಯೆ ಸರಿಯಾಗಿ ಇದರ ನಾಲ್ಕು ಪಟ್ಟು. ಅಂಥ ಪರದೆ ಕೊಂಡವನು ಆ ಹೆಚ್ಚಿನ ಭಾರ ಹೊರಬಲ್ಲ ಕಾರ್ಡನ್ನೂ ಕೊಳ್ಳಬೇಕಾಗುತ್ತದೆ. ಪರದೆಯ ದುಬಾರಿತನ ಪರದೆಯಲ್ಲೇ ನಿಲ್ಲುವುದಿಲ್ಲ.

ವೇಗದ ವಿಷಯದಲ್ಲಿ ಅಂತ್ಯ ಪ್ರಯೋಜನದ ಇಳಿಕೆಯ ನಿಯಮ ಅಂಗೈ ನೆಲ್ಲಿಕಾಯಿಯಂತೆ ಕಾಣುತ್ತದೆ. ಸೆಕೆಂಡಿಗೆ 60 ಚಿತ್ರಗಳಾದರೆ ಎರಡು ಚಿತ್ರಗಳ ನಡುವಿನ ಅಂತರ 16.7 ಮಿಲಿಸೆಕೆಂಡು. ವೇಗವನ್ನು 120ಕ್ಕೆ ಏರಿಸಿದರೆ ಅದು 8.3ಕ್ಕೆ ಇಳಿಯುತ್ತದೆ, ಲಾಭ 8.3 ಮಿಲಿಸೆಕೆಂಡು. ಮತ್ತೆ ದುಪ್ಪಟ್ಟು ಮಾಡಿ 240ಕ್ಕೆ ಏರಿಸಿದರೆ ಲಾಭ 4.2 ಮಾತ್ರ. ಪ್ರತಿ ದುಪ್ಪಟ್ಟಿಗೂ ಬೆಲೆ ಏರುತ್ತದೆ, ಸುಖ ಅರ್ಧವಾಗುತ್ತದೆ. ಪೂರ್ಣ ಎಚ್‌ಡಿ ಪರದೆ, ಸೆಕೆಂಡಿಗೆ 60ರಿಂದ 100 ಚಿತ್ರಗಳು ಎಂಬಲ್ಲಿಗೆ ಹುಡುಗ ತನ್ನ ಆಸೆಯನ್ನು ತಾನೇ ನಿಲ್ಲಿಸಿದ. ಇದನ್ನು ನಾನು ಹೇಳಿದ್ದರೆ ಜಿಪುಣತನವೆನಿಸುತ್ತಿತ್ತು.

ಗುರಿ ನಿಶ್ಚಯವಾದ ಮೇಲಿನ ಪ್ರಶ್ನೆ ಸಮತೋಲನದ್ದು. ಗಿಡದ ಬೆಳವಣಿಗೆಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತ್ಯಂತ ಕೊರತೆಯಿರುವ ಪೋಷಕಾಂಶ ಎಂಬ ತತ್ವವನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ಪ್ರಚುರಪಡಿಸಿದ. ಹೊಲಕ್ಕೆ ಯೂರಿಯಾ ಒಂದನ್ನೇ ಸುರಿದವರು ಇದನ್ನು ಅನುಭವದಿಂದ ಬಲ್ಲರು. ಕಂಪ್ಯೂಟರಿಗೂ ಇದೇ ನಿಯಮ. ದುಬಾರಿ ಪ್ರೊಸೆಸರಿಗೆ ದುರ್ಬಲ ಗ್ರಾಫಿಕ್ಸ್ ಕಾರ್ಡು ಜೋಡಿಸಿದರೆ ಪ್ರೊಸೆಸರು ಸುಮ್ಮನೆ ಕುಳಿತಿರುತ್ತದೆ. ತಿರುಗಾಮುರುಗಾ ಆದರೆ ಕಾರ್ಡು ಕೂರುತ್ತದೆ. ಆಟಗಳಲ್ಲಿ ಹೆಚ್ಚಿನ ಹೊರೆ ಗ್ರಾಫಿಕ್ಸ್ ಕಾರ್ಡಿನದಾದ್ದರಿಂದ ಹಣದ ದೊಡ್ಡ ಪಾಲು ಅದಕ್ಕೇ ಸಲ್ಲಬೇಕು.

ಹಲವು ಬಾರಿ ತಿದ್ದಿದ ನಂತರ, ಎಸ್.ಪಿ. ರಸ್ತೆಯ ಅಂಗಡಿಗಳನ್ನು ಎರಡು ಶನಿವಾರ ಸುತ್ತಿ ಅಂತಿಮಗೊಳಿಸಿದ ಪಟ್ಟಿ ಹೀಗಿತ್ತು. ಆರು ಕೋರ್‌ಗಳ ರೈಜೆನ್ 5 5600 ಪ್ರೊಸೆಸರ್ ₹10,500, ಬಿ550 ಮದರ್‌ಬೋರ್ಡ್ ₹8,500, 8 ಜಿಬಿಯ ಎರಡು ರ‍್ಯಾಮ್ ₹3,200, ಒಂದು ಟಿಬಿ ಎಸ್‌ಎಸ್‌ಡಿ ₹5,300, 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ₹19,500, 550 ವಾಟ್ ಎಸ್‌ಎಂಪಿಎಸ್ ₹4,000, ಕ್ಯಾಬಿನೆಟ್ ₹3,000, 24 ಇಂಚಿನ ಮಾನಿಟರ್ ₹8,500, ಕೀಬೋರ್ಡ್, ಮೌಸ್ ₹1,500. ಒಟ್ಟು ₹64,000. ಇವು 2025ರ ಆ ಎರಡು ವಾರಗಳ ದರಗಳು; ಇಂದಿಗೆ ಅನ್ವಯಿಸುವಂಥವಲ್ಲ. ಆದರೆ ಅವುಗಳ ಹಿಂದಿನ ತರ್ಕ ದರದೊಡನೆ ಬದಲಾಗದು.

ಹುಡುಗನ ಟಿಪ್ಪಣಿಯ ಕೆಲವು ಅಂಶಗಳನ್ನು ಉಲ್ಲೇಖಿಸಬೇಕು. ಪ್ರೊಸೆಸರು 2022ರದು, ಹೊಚ್ಚ ಹೊಸದಲ್ಲ. ಅದನ್ನು ಕೂರಿಸುವ ಎಎಂ4 ಸಾಕೆಟ್ಟಿನ ಜಾಗಕ್ಕೆ ಎಎಂ5 ಬಂದು ಮೂರು ವರ್ಷಗಳಾಗುತ್ತಿದ್ದವು. ಮುಂದೆ ಹೊಸ ತಲೆಮಾರಿನ ಪ್ರೊಸೆಸರ್ ಹಾಕುವ ಅವಕಾಶ ಇದರಲ್ಲಿಲ್ಲ. ಆದರೆ ಎಎಂ5ಕ್ಕೆ ಹೋದರೆ ದುಬಾರಿ ಮದರ್‌ಬೋರ್ಡು, ಡಿಡಿಆರ್5 ರ‍್ಯಾಮ್ ಎರಡೂ ಅನಿವಾರ್ಯವಾಗಿ, ಆ ಹೆಚ್ಚಳ ಗ್ರಾಫಿಕ್ಸ್ ಕಾರ್ಡಿನ ಪಾಲನ್ನು ತಿನ್ನುತ್ತದೆ ಎಂದು ಬರೆದಿದ್ದ. ಇಂದಿನ ಉಪಯೋಗ ಮತ್ತು ನಾಳಿನ ಅವಕಾಶಗಳ ನಡುವಿನ ಈ ತೂಗುವಿಕೆಯೇ ಅವಕಾಶ ವೆಚ್ಚವೆಂಬ ಪರಿಕಲ್ಪನೆ. 16 ಜಿಬಿಯ ಒಂದೇ ರ‍್ಯಾಮಿನ ಬದಲು 8ರ ಎರಡನ್ನು ಆರಿಸಿದ್ದಕ್ಕೂ ಕಾರಣವಿತ್ತು: ಎರಡಿದ್ದರೆ ದತ್ತಾಂಶ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಸಾಗುತ್ತದೆ.

ಎಸ್‌ಎಂಪಿಎಸ್‌ನ ಬಾಬ್ತಿನಲ್ಲಿ ಅಂಗಡಿಯವರು ಚೌಕಾಸಿಗೆ ತಾವಾಗಿಯೇ ಮುಂದಾದರು. ‘ಸರ್, ಇದನ್ನ ಬಿಡಿ, ಸಾವಿರದ ಇನ್ನೂರಕ್ಕೆ 600 ವಾಟಿಂದೇ ಕೊಡ್ತೀನಿ’ ಎಂದರು ಒಬ್ಬರು. ಆ ಪ್ರೊಸೆಸರಿನ ನಿಗದಿತ ಬಳಕೆ 65 ವಾಟ್, ಗ್ರಾಫಿಕ್ಸ್ ಕಾರ್ಡಿನದು 132 ವಾಟ್. ಉಳಿದುದೆಲ್ಲ ಸೇರಿದರೂ ಯಂತ್ರದ ಅಗತ್ಯ 300 ವಾಟ್ ದಾಟುವುದು ಕಷ್ಟ. ಹೀಗಿರುವಾಗ ಪೆಟ್ಟಿಗೆಯ ಮೇಲೆ ಅಚ್ಚಾದ ವಾಟ್ ಸಂಖ್ಯೆಗಿಂತ, ಹೇಳಿದಷ್ಟನ್ನು ಸ್ಥಿರವಾಗಿ ಕೊಡುತ್ತದೆಯೇ, ಅತಿಭಾರ ಅಥವಾ ಶಾರ್ಟ್ ಆದಾಗ ತಾನೇ ಆರಿಹೋಗುತ್ತದೆಯೇ ಎಂಬುದು ಮುಖ್ಯ. 2004ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆಯೂ ವಿದ್ಯುತ್ತಿನ ದಕ್ಷತೆಯನ್ನು ಹೇಳುತ್ತದೆಯೇ ಹೊರತು ಸುರಕ್ಷತೆಯನ್ನಲ್ಲ. ಫ್ರಿಜ್ಜಿನ ಮೇಲಿನ ನಕ್ಷತ್ರಗಳನ್ನು ಎಣಿಸಿ ಕೊಳ್ಳುವಷ್ಟು ಸುಲಭವಾಗಿ, ಸಾಮಾನ್ಯ ಗ್ರಾಹಕ ಓದಿ ತಿಳಿಯಬಲ್ಲ ಗುಣಮಟ್ಟದ ಚೀಟಿಯೊಂದು ಈ ಪೆಟ್ಟಿಗೆಗಳ ಮೇಲೂ ಇರಬೇಡವೇ? ಇಡೀ ಯಂತ್ರಕ್ಕೆ ಅನ್ನ ಹಾಕುವ ಭಾಗವನ್ನು ಕತ್ತಲಲ್ಲಿ ಕೊಳ್ಳಬೇಕಾದ ಸ್ಥಿತಿ ಸರಿಯಲ್ಲ.

ಹಳೆಯ ಗ್ರಾಫಿಕ್ಸ್ ಕಾರ್ಡುಗಳ ಮಾರುಕಟ್ಟೆಯನ್ನೂ ನಾವು ನೋಡಿದೆವು. ಒಳ್ಳೆಯ ಮಾಲು, ಕೆಟ್ಟ ಮಾಲುಗಳ ಭೇದ ಮಾರುವವನಿಗೆ ಮಾತ್ರ ಗೊತ್ತಿರುವ ಕಡೆ, ಕೊಳ್ಳುವವನು ಅನುಮಾನದಿಂದ ದರ ಇಳಿಸುತ್ತಾನೆ. ಆ ದರಕ್ಕೆ ಒಳ್ಳೆಯ ಮಾಲಿನವರು ಮಾರುಕಟ್ಟೆಯನ್ನೇ ತೊರೆಯುತ್ತಾರೆ ಎಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯೊಂದಿಗೆ ವಿವರಿಸಿದರು. 2001ರಲ್ಲಿ ಅವರು ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಗೂಢನಾಣ್ಯ ತನ್ನ ವಿಧಾನವನ್ನು ಬದಲಿಸಿಕೊಂಡಾಗ, ಅದರ ಗಣಿಗಾರಿಕೆಗೆ ಹಗಲಿರುಳು ದುಡಿದ ಕಾರ್ಡುಗಳು ಹಳೆಯ ಮಾಲಿನ ಮಾರುಕಟ್ಟೆಗೆ ಬಂದವು. ಹೊರನೋಟಕ್ಕೆ ಅವುಗಳನ್ನು ಗುರುತಿಸಲಾಗದು. ವಾರಂಟಿ ಉಳಿದಿದ್ದು, ಮೂಲ ರಸೀದಿಯಿದ್ದು, ಕಣ್ಣೆದುರು ಅರ್ಧ ಗಂಟೆ ಓಡಿಸಿ ತೋರಿಸುವುದಾದರೆ ಹಳೆಯದನ್ನು ಕೊಳ್ಳಲು ನನ್ನ ಆಕ್ಷೇಪವಿಲ್ಲ. ನಮಗೆ ಅಂಥದು ದೊರೆಯಲಿಲ್ಲ. ‘ಬಿಲ್ಲಿಲ್ಲದೆ ತಗೊಂಡರೆ ಟ್ಯಾಕ್ಸ್ ಉಳಿಯುತ್ತೆ’ ಎಂಬ ಸಲಹೆಯೂ ಬಂತು. ತೆರಿಗೆ ತಪ್ಪಿಸುವ ಪಾಪ ಒತ್ತಟ್ಟಿಗಿರಲಿ, ರಸೀದಿಯಿಲ್ಲದವನಿಗೆ ವಾರಂಟಿಯನ್ನು ಕೇಳಲು ಆಧಾರವೇ ಇರುವುದಿಲ್ಲ.

‘ವಿಂಡೋಸ್ ಫ್ರೀಯಾಗಿ ಹಾಕಿಕೊಡ್ತೀವಿ’ ಎಂಬ ಕೊಡುಗೆಗೂ ಬೇಡವೆಂದೆವು. ಅದು ಉಡುಗೊರೆಯಲ್ಲ, ಕದ್ದ ಮಾಲು. ಅಧಿಕೃತ ಪರವಾನಗಿ ನಮ್ಮ ಮಿತಿಯನ್ನು ಮೀರುತ್ತಿದ್ದುದರಿಂದ ಹುಡುಗ ಲಿನಕ್ಸ್ ಆರಿಸಿಕೊಂಡ. ವಿಂಡೋಸ್‌ಗೆಂದು ಬರೆದ ಬಹಳಷ್ಟು ಆಟಗಳು 2018ರಿಂದೀಚೆಗೆ ‘ಪ್ರೋಟಾನ್’ ಎಂಬ ತಂತ್ರಾಂಶದ ನೆರವಿನಿಂದ ಅದರಲ್ಲೂ ನಡೆಯುತ್ತವೆ. ಮೋಸ ತಡೆಯುವ ಕಟ್ಟುನಿಟ್ಟಿನ ವ್ಯವಸ್ಥೆಯಿರುವ ಕೆಲವು ಸ್ಪರ್ಧಾ ಆಟಗಳು ನಡೆಯುವುದಿಲ್ಲ. ಅವನ ಸ್ನೇಹಿತರು ಆಡುವ ಒಂದು ಆಟ ಆ ಪಟ್ಟಿಯಲ್ಲಿತ್ತು. ಅವನಿಗೆ ಬೇಸರವಾಯಿತು, ಪರವಾನಗಿಗೆ ಹಣ ಕೂಡಿಡುತ್ತೇನೆ ಎಂದ. ಮಿತಿಯೊಳಗೆ ಬದುಕುವುದೆಂದರೆ ಕೆಲವನ್ನು ಮುಂದೂಡುವುದೇ ಅಲ್ಲವೇ?

ಇಷ್ಟೆಲ್ಲ ಸಾಧ್ಯವಾಗುವುದು ಬಿಡಿಭಾಗಗಳ ಮುಕ್ತ ಮಾರುಕಟ್ಟೆಯಿರುವುದರಿಂದ. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದವನ್ನು ಸೇರಿ, ಕಂಪ್ಯೂಟರ್ ಮತ್ತು ಅದರ ಬಹುತೇಕ ಭಾಗಗಳ ಮೇಲಿನ ಆಮದು ಸುಂಕವನ್ನು ಹಂತ ಹಂತವಾಗಿ ತೆಗೆಯಲು ಒಪ್ಪಿತು. 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮೊದಲಾದವುಗಳ ಆಮದನ್ನು ನಿರ್ಬಂಧಿಸುವ ಅಧಿಸೂಚನೆ ಹೊರಟು, ಅನಂತರ ಅನುಮತಿ ವ್ಯವಸ್ಥೆಯಾಗಿ ಸಡಿಲಗೊಂಡಾಗ ಬಿಡಿಭಾಗಗಳನ್ನು ಅದು ಮುಟ್ಟಲಿಲ್ಲ. ಮುಂದೆಯೂ ಮುಟ್ಟದಿರಲಿ. ನಮ್ಮ ₹64,000ದಲ್ಲಿ ಶೇ 18ರ ಜಿಎಸ್‌ಟಿಯ ಪಾಲೇ ಸುಮಾರು ₹9,760. ಅಂದರೆ ಇಡೀ ಪ್ರೊಸೆಸರಿನ ಬೆಲೆಗೆ ತುಸು ಕಡಿಮೆ. 2025ರ ಸೆಪ್ಟೆಂಬರ್ 22ರ ದರ ಪರಿಷ್ಕರಣೆ 32 ಇಂಚಿಗಿಂತ ದೊಡ್ಡ ಮಾನಿಟರುಗಳ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಿತು. ವಿದ್ಯಾರ್ಥಿ ಕೊಳ್ಳುವ 24 ಇಂಚಿನದರ ತೆರಿಗೆ ಇದ್ದಲ್ಲೇ ಉಳಿಯಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಕಡಿದಾಗಿ ಏರಿತು. ಇಂಥ ಏರಿಕೆಯನ್ನು ತಡೆಯುವುದು ನಮ್ಮ ಸರ್ಕಾರದ ಕೈಯಲ್ಲಿಲ್ಲ. ತೆರಿಗೆ ಅದರ ಕೈಯಲ್ಲಿದೆ.

ಆಟಕ್ಕೆಂದು ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಓದುಗರಲ್ಲಿ ಹಲವರ ಮನಸ್ಸಿನಲ್ಲಿರಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಕಾಯ್ದೆಯ ಮೂಲಕ ನಿಷೇಧಿಸಿದ್ದು ಸರಿ; ಅದೇ ಕಾಯ್ದೆ ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗೆ ಪದಕಗಳಿದ್ದವು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ಕರ್ನಾಟಕ 2024ರಿಂದ 2029ರ ಅವಧಿಯ ನೀತಿಯನ್ನೇ ಪ್ರಕಟಿಸಿದೆ. ಆದರೆ ಇವುಗಳನ್ನು ಮುಂದಿಟ್ಟು, ಆಡುವ ಪ್ರತಿ ಮಗುವೂ ಮುಂದೆ ಇದರಿಂದಲೇ ಸಂಪಾದಿಸುತ್ತದೆಂದು ವಾದಿಸುವುದು ಅಪ್ರಾಮಾಣಿಕವಾದೀತು. ಬಹುಪಾಲು ಮಕ್ಕಳಿಗೆ ಇದು ಬಿಡುವಿನ ಸಂತೋಷ ಮಾತ್ರ. ಸಂತೋಷಕ್ಕೂ ಮನೆಯ ಆಯವ್ಯಯದಲ್ಲಿ ನ್ಯಾಯವಾದ ಒಂದು ಪಾಲಿದೆ. ಸಮಯದ ಮಿತಿಯನ್ನು ಹಿರಿಯರು ಹಾಕಲೇಬೇಕು. ಹಣದ ಮಿತಿಯೊಳಗೆ ತಾನೇ ಆಯ್ಕೆ ಮಾಡಿದ ಮಗು ಸಮಯದ ಮಿತಿಯ ತರ್ಕವನ್ನೂ ಬೇಗ ಒಪ್ಪುತ್ತದೆಂಬುದು ನಮ್ಮ ಮನೆಯ ಅನುಭವ.

ಭಾಗಗಳೆಲ್ಲ ಬಂದ ಭಾನುವಾರ ಹುಡುಗ ಅವುಗಳನ್ನು ಊಟದ ಮೇಜಿನ ಮೇಲೆ ಹರಡಿ ಜೋಡಿಸಿದ. ಮೂರು ಗಂಟೆಯ ಶ್ರಮದ ನಂತರ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಅವನ ಮುಖ ಸಣ್ಣದಾಯಿತು. ಅಲ್ಲಿಯವರೆಗೆ ದಿನಪತ್ರಿಕೆಯ ಮರೆಯಲ್ಲಿ ಕುಳಿತಿದ್ದ ನನ್ನ ಮಗ ಎದ್ದು ಬಂದು ಹಿಂಬದಿ ನೋಡಿದ. ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಬದಲು ಮದರ್‌ಬೋರ್ಡಿಗೆ ಚುಚ್ಚಲಾಗಿತ್ತು; ಆ ಪ್ರೊಸೆಸರಿನೊಳಗೆ ಸ್ವಂತ ಗ್ರಾಫಿಕ್ಸ್ ಇಲ್ಲವಾದ್ದರಿಂದ ಅಲ್ಲಿಂದ ಚಿತ್ರ ಬರುವಂತಿರಲಿಲ್ಲ. ಕೇಬಲ್ ಬದಲಿಸಿದ ಮೇಲೆ ತಂದೆ ಮಕ್ಕಳಿಬ್ಬರೂ ರಾತ್ರಿ ಹನ್ನೊಂದರವರೆಗೆ ಅದರ ಮುಂದೆಯೇ ಇದ್ದರು.

ಮಲಗುವ ಮುನ್ನ ಮೊಮ್ಮಗ ಕೇಳಿದ: ‘ತಾತ, ಎಲ್ಲಾದಕ್ಕೂ ನೂರು ಪ್ರಶ್ನೆ ಕೇಳಿದ್ರಿ. ನಾಲ್ಕು ಸಾವಿರದ ಎಸ್‌ಎಂಪಿಎಸ್‌ಗೆ ಮಾತ್ರ ಒಂದೂ ಕೇಳದೆ ಸಹಿ ಹಾಕಿದ್ರಲ್ಲ, ಯಾಕೆ?’ ಅವನ ಮುತ್ತಜ್ಜಿಯ ಹಸೆಹಾಡಿನ ಕತೆಯನ್ನು ಅವನಿಗೆ ಆಗ ಹೇಳಿದೆ. ಮಾರನೆಯ ದಿನ ಅವನು ತನ್ನ ಉಳಿಕೆಯ ಸಾವಿರ ರೂಪಾಯಿಗೆ ನನ್ನಿಂದ ಇನ್ನಷ್ಟು ಸಾಲ ಪಡೆದು ಒಂದು ಬಾಹ್ಯ ಹಾರ್ಡ್‌ಡಿಸ್ಕ್ ತಂದ. ಮನೆಯ ಫೋಟೊಗಳನ್ನೆಲ್ಲ ಅದಕ್ಕೆ ನಕಲು ಮಾಡಿಟ್ಟ. ಆ ವೆಚ್ಚಕ್ಕೆ ನಾನು ಟಿಪ್ಪಣಿ ಕೇಳಲಿಲ್ಲ.